ಹಸಿರು ಚುಕ್ಕೆ ಮತ್ತು ಹಾಜರಿ ಪುಸ್ತಕ

ಮೂವತ್ತೈದು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ನಾನು ಹೇಳಿದ ಪಾಠವೆಷ್ಟು, ಮಕ್ಕಳು ಕಲಿತದ್ದೆಷ್ಟು ಎಂಬುದಕ್ಕೆ ಲೆಕ್ಕವಿಲ್ಲ. ಹಾಜರಿ ತೆಗೆದುಕೊಂಡದ್ದಕ್ಕೆ ಮಾತ್ರ ಲೆಕ್ಕವಿದೆ. ದಿನಕ್ಕೆ ಎರಡು ಬಾರಿ. ಬೆಳಗ್ಗೆ ಮೊದಲ ಗಂಟೆ ಬಾರಿಸಿದೊಡನೆ ಒಮ್ಮೆ, ಮಧ್ಯಾಹ್ನದ ಬಿಡುವಿನ ನಂತರ ಇನ್ನೊಮ್ಮೆ. ಒಬ್ಬನ ಹೆಸರಿಗೆ ಇನ್ನೊಬ್ಬ ಓಗೊಟ್ಟರೆ ಇಬ್ಬರಿಗೂ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. 2004ರಲ್ಲಿ ನಿವೃತ್ತನಾದಾಗ, ನನ್ನ ಕೈಯಿಂದ ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಸುಳ್ಳು ಗುರುತು ಬಿದ್ದಿಲ್ಲವೆಂಬ ಹೆಮ್ಮೆಯನ್ನು ಜೊತೆಗೆ ಕೊಂಡೊಯ್ದಿದ್ದೆ. ಎಪ್ಪತ್ತೈದನೆಯ ವಯಸ್ಸಿನಲ್ಲಿ, ನಮ್ಮದೇ ಮನೆಯ ಉಪ್ಪರಿಗೆಯಲ್ಲಿ, ಆ ಹೆಮ್ಮೆಗೆ ಏನು ಗತಿಯಾಯಿತೆಂಬುದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳಬೇಕೆನಿಸಿದೆ.

ಬೆಂಗಳೂರಿನ ತಂತ್ರಾಂಶ ಕಂಪನಿಯೊಂದರಲ್ಲಿ ದುಡಿಯುವ ನನ್ನ ಮಗಳು 2020ರ ಮಾರ್ಚ್ 21ರ ಶನಿವಾರ ರಾತ್ರಿ ಸಾಗರ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಿಳಿದಳು. ಮರುದಿನ ಜನತಾ ಕರ್ಫ್ಯೂ. ಅದಾಗಿ ಎರಡು ದಿನಕ್ಕೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಒಂದು ವಾರಕ್ಕೆಂದು ನಾಲ್ಕು ಜೊತೆ ಬಟ್ಟೆ ತಂದವಳು ಎರಡು ಮಳೆಗಾಲಗಳನ್ನು ನಮ್ಮೊಡನೆ ಕಳೆದಳು. ಬಟ್ಟೆಯ ಚೀಲಕ್ಕಿಂತ ಭಾರವಾಗಿದ್ದುದು ಅವಳ ಕಂಪನಿಯ ಲ್ಯಾಪ್‌ಟಾಪಿನ ಚೀಲ. “ಅಪ್ಪಾ, ಇದೇ ನನ್ನ ಆಫೀಸು” ಎಂದು ಅದನ್ನು ಅಡಿಕೆ ಮೂಟೆಗಳಿದ್ದ ಉಪ್ಪರಿಗೆಯ ಮೂಲೆಯಲ್ಲಿಟ್ಟಳು.

ಮೊದಲ ಕೆಲವು ತಿಂಗಳು ಆ ಆಫೀಸು ನಡೆದದ್ದು ಕಿಟಕಿಯ ಸರಳಿಗೆ ಕಟ್ಟಿದ ಮೊಬೈಲಿನ ಕೃಪೆಯಿಂದ. ಮನೆಯಲ್ಲಿ ಸಂಕೇತ ಸಿಗುತ್ತಿದ್ದುದು ಆ ಒಂದು ಕಿಟಕಿಯಲ್ಲಿ ಮಾತ್ರ. ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಅಂತರ್ಜಾಲ ಹಾಯಿಸಿಕೊಂಡರೆ, ದಿನಕ್ಕೆ ದೊರೆಯುತ್ತಿದ್ದ ಒಂದೂವರೆ ಜಿಬಿ ಮಧ್ಯಾಹ್ನದೊಳಗೆ ಬರಿದಾಗುತ್ತಿತ್ತು. ಸಭೆಗಳಲ್ಲಿ ಅವಳು ಮುಖ ತೋರಿಸದೆ ಬರಿಯ ದನಿಯಾಗಿ ಕೂರುತ್ತಿದ್ದಳು. ಚಿತ್ರಕ್ಕೆ ಬೇಕಾಗುವ ದತ್ತಾಂಶದ ಸಣ್ಣದೊಂದು ಪಾಲು ಧ್ವನಿಗೆ ಸಾಕಂತೆ. ಆಮೇಲೆ ವಿದ್ಯುತ್ ಕಂಬಗಳ ಗುಂಟ ಊರಿಗೆ ಗಾಜಿನ ಎಳೆಯ ಕೇಬಲ್ ಬಂತು. ಕೂದಲೆಳೆಯಷ್ಟು ತೆಳುವಾದ ಗಾಜಿನೊಳಗೆ ಬೆಳಕು ಓಡಿ ಮಾತನ್ನೂ ಚಿತ್ರವನ್ನೂ ಹೊತ್ತು ತರುತ್ತದೆಂದು ಮಗಳು ವಿವರಿಸಿದಳು. ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನವನ್ನು ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆದವನು ನಾನು. ಅದು ನನ್ನ ಮನೆಯ ಗೋಡೆ ಕೊರೆದು ಒಳಬರುವುದೆಂದು ಎಣಿಸಿರಲಿಲ್ಲ. ಕೇಬಲಿನ ತುದಿಗೆ ಅಂಗೈಯಗಲದ ಬಿಳಿಯ ಪೆಟ್ಟಿಗೆ, ಅದರ ಮೇಲೆ ಸಾಲು ದೀಪಗಳು. ಎಲ್ಲ ಹಸಿರಾಗಿದ್ದರೆ ಕ್ಷೇಮ. ಒಂದು ಕೆಂಪಗೆ ಮಿಣುಕಿತೆಂದರೆ ಎಲ್ಲೋ ಅಡಿಕೆ ಮರ ಬಿದ್ದು ಎಳೆ ತುಂಡಾಗಿದೆಯೆಂದು ಅರ್ಥ.

ಎಳೆಗಿಂತ ಹೆಚ್ಚು ಕಾಡಿದ್ದು ವಿದ್ಯುತ್ತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಶರಾವತಿ ನಾಡಿಗೆಲ್ಲ ಬೆಳಕು ಕೊಟ್ಟಳು. ಆದರೆ ಆಷಾಢದ ಗಾಳಿಮಳೆಗೆ ಅವಳ ಮಗ್ಗುಲಿನ ಹಳ್ಳಿಗಳೇ ಕತ್ತಲಲ್ಲಿ ಕೂರುವುದು ನಮಗೆ ಹೊಸತಲ್ಲ. ಇನ್ವರ್ಟರ್ ತರಿಸಿದೆವು. ಅದರ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು ಹಾಕುವುದು, ಮಟ್ಟ ನೋಡುವುದು ನನ್ನ ಪಾಲಿನ ಉದ್ಯೋಗವಾಯಿತು. ಹೀಗೆ ನಾನೂ ಆ ಕಂಪನಿಗೆ ಸಂಬಳವಿಲ್ಲದ ಜವಾನನಾದೆ.

ಅವಳು ಬೆಳಗ್ಗೆ ಕುಳಿತೊಡನೆ ಮಾಡುತ್ತಿದ್ದ ಮೊದಲ ಕೆಲಸ, ಮೊಬೈಲಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳನ್ನು ನೋಡಿ ಲ್ಯಾಪ್‌ಟಾಪಿಗೆ ತುಂಬುವುದು. ಅದು ಕಚೇರಿಯವರೆಗೆ ತೋಡಿದ ಗುಪ್ತ ಸುರಂಗಕ್ಕೆ ಬೀಗದ ಕೈಯಂತೆ. ಸಭೆಯಲ್ಲಿ ಹಿಂದಿನ ಅಡಿಕೆ ಮೂಟೆಗಳು ಕಾಣದಿರಲೆಂದು ಪುಸ್ತಕದ ಕಪಾಟಿನ ಸುಳ್ಳು ಚಿತ್ರವೊಂದನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದಳು. ಒಮ್ಮೆ ನಾನು ಕಾಫಿ ಕೊಡಲು ಕೈ ಚಾಚಿದಾಗ ಪರದೆಯಲ್ಲಿ ನನ್ನ ಬೆರಳುಗಳಷ್ಟೇ ಮೂಡಿ, ಲೋಟ ಗಾಳಿಯಲ್ಲಿ ಕರಗಿಹೋಯಿತು. ಆ ಯಂತ್ರ ಮನುಷ್ಯನ ಆಕಾರವನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ನುಂಗುತ್ತದೆಯಂತೆ. ಎರಡು ದಿನ ಅದನ್ನೇ ನೆನೆದು ನಕ್ಕಿದ್ದೆವು.

ಮನೆಯಿಂದ ಕೆಲಸ ಮಾಡುವ ಯೋಚನೆ ಮಹಾಮಾರಿಯ ಕಾಲದಲ್ಲಿ ಹುಟ್ಟಿದ್ದೆಂದು ನಾನು ತಿಳಿದಿದ್ದೆ. ಹಾಗಲ್ಲ. ಅಮೆರಿಕದ ಜಾಕ್ ನಿಲ್ಲಿಸ್ ಎಂಬ ವಿಜ್ಞಾನಿ 1973ರಲ್ಲಿಯೇ, ಜನರನ್ನು ಕೆಲಸದ ಬಳಿಗೆ ಸಾಗಿಸುವ ಬದಲು ಕೆಲಸವನ್ನೇ ತಂತಿಯ ಮೂಲಕ ಜನರ ಬಳಿಗೆ ಏಕೆ ಕಳುಹಿಸಬಾರದೆಂದು ಕೇಳಿ, ಆ ಪದ್ಧತಿಗೊಂದು ಹೆಸರನ್ನೂ ಕೊಟ್ಟಿದ್ದರು. ನಮ್ಮ ಬೆಂಗಳೂರಿಗೆ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬಂದು ಉಪಗ್ರಹದ ಸಂಪರ್ಕ ಪಡೆದಾಗ, ಇಲ್ಲಿ ಕುಳಿತವರು ಸಾಗರದಾಚೆಯ ಕಚೇರಿಗೆ ದುಡಿಯುವುದು ಸಾಧ್ಯವಾಯಿತು. ದೂರವೆಂಬುದು ಬಹಳ ಹಿಂದೆಯೇ ಸೋತಿತ್ತು. ಸೋಲದೆ ಉಳಿದಿದ್ದುದು ಒಂದು ಅನುಮಾನ: ಕಣ್ಣೆದುರು ಇಲ್ಲದವನು ಕೆಲಸ ಮಾಡುತ್ತಿದ್ದಾನೆಂದು ನಂಬುವುದು ಹೇಗೆ?

ಆ ಅನುಮಾನಕ್ಕೆ ಯಂತ್ರ ಕಂಡುಕೊಂಡ ಉತ್ತರವೇ ಹಸಿರು ಚುಕ್ಕೆ. ಮಗಳ ಪರದೆಯಲ್ಲಿ ಸಹೋದ್ಯೋಗಿಗಳ ಹೆಸರುಗಳ ಪಟ್ಟಿಯೊಂದಿತ್ತು. ಪ್ರತಿ ಹೆಸರಿನ ಪಕ್ಕದಲ್ಲಿ ಸಾಸಿವೆ ಕಾಳಿನಂಥ ಚುಕ್ಕೆ. ಕೀಲಿಮಣೆಯೋ ಮೌಸೋ ಅಲುಗುತ್ತಿದ್ದರೆ ಚುಕ್ಕೆ ಹಸಿರು. ಕೆಲವು ನಿಮಿಷ ಸುಮ್ಮನಿದ್ದರೆ ಹಳದಿ. ಅವಳದನ್ನು ತೋರಿಸಿದಾಗ ನಾನು, “ಒಳ್ಳೆಯ ವ್ಯವಸ್ಥೆ. ನನ್ನ ಕಾಲದಲ್ಲಿ ಇದ್ದಿದ್ದರೆ ಹಾಜರಿ ಕೂಗುವ ಶ್ರಮ ತಪ್ಪುತ್ತಿತ್ತು” ಎಂದೆ. ಅವಳು ಏನೂ ಹೇಳಲಿಲ್ಲ.

2021ರ ಜುಲೈ ತಿಂಗಳ ಒಂದು ಬೆಳಗ್ಗೆ ನನ್ನ ಹೆಂಡತಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ನೋಡುನೋಡುತ್ತ ಊದಿತು. ನನಗೆ ಕಾರು ನಡೆಸಲು ಬಾರದು. ಸಾಗರದ ಆಸ್ಪತ್ರೆಗೆ ಮಗಳೇ ಕರೆದೊಯ್ಯಬೇಕು. ಅವಳ ಮುಖ ನೋಡಿದೆ. ಮೇ ತಿಂಗಳಲ್ಲಿ ಅವಳಿಗೇ ಕೊರೋನಾ ಬಂದು ರಜೆಯ ಬಹುಪಾಲು ತೀರಿತ್ತು. ಆ ವಾರ ಕೆಲಸವೊಂದು ಮುಗಿಯಲೇಬೇಕಿತ್ತು. ಜೊತೆಯವರಲ್ಲಿ ಇಬ್ಬರನ್ನು ಅದಾಗಲೇ ಕೆಲಸದಿಂದ ತೆಗೆದಿದ್ದರು. ತಾಯಿಯನ್ನು ಕಾರಿನಲ್ಲಿ ಕೂರಿಸಿದವಳು ಮತ್ತೆ ಮೆಟ್ಟಿಲೇರಿ ಬಂದು, ನನ್ನ ಮುಖ ನೋಡದೆ ಹೇಳಿದಳು: “ಅಪ್ಪಾ, ನಾಲ್ಕು ನಿಮಿಷಕ್ಕೊಮ್ಮೆ ಈ ಮೌಸನ್ನು ಒಂದಿಷ್ಟು ಅಲುಗಾಡಿಸುತ್ತೀಯಾ? ಬೇರೇನನ್ನೂ ಮುಟ್ಟಬೇಡ.”

ನಾನು ಕುಳಿತೆ. ಗೋಡೆಯ ಗಡಿಯಾರ ನೋಡಿ ಮೌಸನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಚುಕ್ಕೆ ಹಸಿರಾಗಿಯೇ ಇತ್ತು. ಮಗಳ ಹೆಸರಿಗೆ ನಾನು ಓಗೊಡುತ್ತಿದ್ದೆ. ಬೆಂಚಿನ ಮೇಲೆ ನಿಲ್ಲಬೇಕಾದ ಇಬ್ಬರಲ್ಲಿ ಒಬ್ಬನು ನಾನೇ ಆಗಿದ್ದೆ. ಆದರೂ, ಆಶ್ಚರ್ಯವೆಂದರೆ, ಕೈ ನಡುಗಲಿಲ್ಲ. ಮಳೆಯಲ್ಲಿ ಕಾರು ಎಲ್ಲಿ ಮುಟ್ಟಿರಬಹುದು, ಎಲುಬು ಮುರಿದಿರಬಹುದೇ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಆಗ 1983ರ ಹುಡುಗನೊಬ್ಬ ನೆನಪಾದ. ಹತ್ತನೆಯ ತರಗತಿಯವನು. ದಿನವೂ ಹಾಜರಿ ಮುಗಿದ ಕಾಲು ಗಂಟೆಗೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ತಾಯಿ ಹಾಸಿಗೆ ಹಿಡಿದಿದ್ದಳು. ಅವಳಿಗೆ ಗಂಜಿ ಕಾಯಿಸಿಟ್ಟು, ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದ. ನಾನು ಅವನನ್ನು ಒಳಗೆ ಕೂರಿಸಿಕೊಳ್ಳುತ್ತಿದ್ದೆ, ಪಾಠವನ್ನೂ ಹೇಳುತ್ತಿದ್ದೆ. ಪುಸ್ತಕದಲ್ಲಿ ಮಾತ್ರ ಬೆಳಗಿನ ಹೊತ್ತಿಗೆ ಗೈರುಹಾಜರಿ ಬರೆಯುತ್ತಿದ್ದೆ. ವರ್ಷದ ಕೊನೆಗೆ ಹಾಜರಿ ಕಡಿಮೆಬಿತ್ತು. ಲೆಕ್ಕ ಕೂಡಿಸಿ ಮುಖ್ಯೋಪಾಧ್ಯಾಯರಿಗೆ ಕೊಟ್ಟವನು ನಾನೇ. ಅವನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಈ ಪ್ರಸಂಗವನ್ನು ನಾನು ಶಿಸ್ತಿನ ಉದಾಹರಣೆಯಾಗಿ ನನ್ನ ಬೀಳ್ಕೊಡುಗೆಯ ಸಮಾರಂಭದಲ್ಲಿ ಹೇಳಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಹೀಗೆ ಒಂದೂವರೆ ಗಂಟೆ ಕಳೆದಿರಬಹುದು. ಪರದೆಯ ಮೂಲೆಯಲ್ಲಿ ಸಂದೇಶವೊಂದು ಮೂಡಿತು. ಅವಳ ಮೇಲಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ್ದರು: ಇದ್ದೀಯಾ? ಮೌಸ್ ಅಲುಗಿಸಿದ ಕೈಗೆ ‘ಇದ್ದೇನೆ’ ಎಂದು ಬರೆಯಲಾಗಲಿಲ್ಲ. ಮಗಳಿಗೆ ಫೋನ್ ಮಾಡಿದೆ. ಎಕ್ಸ್‌-ರೇ ಕೋಣೆಯ ಹೊರಗಿದ್ದ ಅವಳು ಕೆಲ ಕ್ಷಣ ಸುಮ್ಮನಿದ್ದು, “ಬಿಟ್ಟುಬಿಡು ಅಪ್ಪಾ, ನಾನೇ ಮಾತಾಡುತ್ತೇನೆ” ಎಂದಳು. ನಾನು ಮೌಸಿನಿಂದ ಕೈ ತೆಗೆದೆ. ಸ್ವಲ್ಪ ಹೊತ್ತಿಗೆ ಹಸಿರು ಹಳದಿಯಾಯಿತು. ಯಾಕೋ ಹಗುರವೆನಿಸಿತು.

ಅವಳು ಅಧಿಕಾರಿಗೆ ನಿಜವನ್ನೇ ಹೇಳಿದ್ದಳು. ಅವರು ಬೈಯಲಿಲ್ಲವಂತೆ, ಮೊದಲೇ ತಿಳಿಸಬಹುದಿತ್ತೆಂದು ಹೇಳಿ, ಮಧ್ಯಾಹ್ನಕ್ಕೆ ಅರ್ಧ ದಿನದ ರಜೆ ಬರೆಯಲು ಸೂಚಿಸಿದರಂತೆ. ಬೆಳಗಿನ ಹೊತ್ತು ಚುಕ್ಕೆ ಹಸಿರಾಗಿಯೇ ಇತ್ತಲ್ಲ, ಅದನ್ನು ಅವರು ಕೆದಕಲಿಲ್ಲ. ಸಂಜೆ ತಾಯಿ ಮಗಳು ಹಿಂದಿರುಗಿದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ತಾಯಿಗೆ ಊಟ ಮಾಡಿಸಿ, ಮಲಗಿಸಿ, ಮಗಳು ಮತ್ತೆ ಉಪ್ಪರಿಗೆ ಹತ್ತಿದಳು. ನಡುರಾತ್ರಿ ಕಳೆದು ಒಂದು ಗಂಟೆಯವರೆಗೂ ಕೀಲಿಮಣೆಯ ಸದ್ದು ಕೇಳಿಸುತ್ತಲೇ ಇತ್ತು. ಆ ಕೆಲಸ ಮರುದಿನ ಬೆಳಗ್ಗೆ ಸಮಯಕ್ಕೆ ಸರಿಯಾಗಿ ತಲುಪಿತು.

ಈಗ ಆ ದಿನದ ದಾಖಲೆಯನ್ನು ನೋಡೋಣ. ಅವಳು ಆಸ್ಪತ್ರೆಯಲ್ಲಿದ್ದ, ಎಪ್ಪತ್ತೈದರ ಮುದುಕನೊಬ್ಬ ಮೌಸ್ ಅಲುಗಿಸುತ್ತಿದ್ದ ಬೆಳಗಿನ ಹೊತ್ತಿಗೆ ಹಾಜರಿ. ಅವಳು ಕಣ್ಣು ಕೆಂಪಾಗುವವರೆಗೆ ದುಡಿದ ದಿನಕ್ಕೆ ಅರ್ಧ ರಜೆ. ಪುಸ್ತಕ ಸುಳ್ಳು ಹೇಳಲಿಲ್ಲ. ತನಗೆ ಕಂಡದ್ದನ್ನು ಬರೆಯಿತು. ಮೊದಲ ಗಂಟೆಯ ಹೊತ್ತಿಗೆ ಬೆಂಚಿನ ಮೇಲೆ ಯಾರಿದ್ದಾರೆಂಬುದು ಮಾತ್ರ ನನ್ನ ಪುಸ್ತಕಕ್ಕೆ ಕಾಣುತ್ತಿದ್ದಂತೆ, ಮೌಸ್ ಅಲುಗುವುದು ಮಾತ್ರ ಆ ಚುಕ್ಕೆಗೆ ಕಾಣುತ್ತದೆ. ಮಿಕ್ಕಿದ್ದನ್ನು ನೋಡಲು ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಇರಬೇಕಾಗುತ್ತದೆ. 1983ರಲ್ಲಿ ಆ ಮನುಷ್ಯ ನಾನಾಗಬೇಕಿತ್ತು. ನಾನು ಚುಕ್ಕೆಯಾಗಿ ಉಳಿದೆ.

ಮಗಳು 2022ರಲ್ಲಿ ಬೆಂಗಳೂರಿಗೆ ಹಿಂದಿರುಗಿದಳು. ಈಗ ವಾರಕ್ಕೆ ಮೂರು ದಿನ ಕಚೇರಿ, ಎರಡು ದಿನ ಮನೆ. ಬಿಳಿಯ ಪೆಟ್ಟಿಗೆ ನಮ್ಮ ಉಪ್ಪರಿಗೆಯಲ್ಲಿ ಇಂದಿಗೂ ಮಿಣುಕುತ್ತಿದೆ. ಸಂಜೆ ಅವಳ ಮುಖವನ್ನು ನಮಗೆ ತಂದು ತೋರಿಸುವುದೂ ಅದೇ.

ಆ ವರ್ಷವೇ ನಾನು ಆ ಹಳೆಯ ಹುಡುಗನನ್ನು ಹುಡುಕಿಕೊಂಡು ಹೋದೆ. ಸಾಗರದಲ್ಲಿ ಟೈರುಗಳಿಗೆ ಪಂಕ್ಚರ್ ಹಾಕುವ ಸಣ್ಣ ಅಂಗಡಿ ಇಟ್ಟಿದ್ದಾನೆ. ತಲೆ ನರೆತಿದೆ. ಕೈ ಒರೆಸಿಕೊಂಡು ಎದ್ದು ನಿಂತು, ಒಂದು ಸ್ಟೂಲು ತಂದಿಟ್ಟ. ನಾನು ಹೆಂಡತಿ ಬಿದ್ದದ್ದು, ಮಗಳ ಮೌಸು, ಹಸಿರು ಚುಕ್ಕೆ ಎಲ್ಲವನ್ನೂ ಹೇಳಿ, ಕೊನೆಗೆ ಅವನಿಗೆ ಹೇಳಬೇಕಾದ ಮಾತನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. “ಬಿಡಿ ಸಾರ್. ನೀವು ಬರೆದದ್ದು ಸರಿಯಾಗಿಯೇ ಇತ್ತು. ನಾನು ತಡವಾಗಿಯೇ ಬರುತ್ತಿದ್ದೆ” ಎಂದ. ಆಮೇಲೆ ಸ್ವಲ್ಪ ತಡೆದು ಕೇಳಿದ: “ಅಮ್ಮನವರ ಕೈ ಈಗ ಹೇಗಿದೆ ಸಾರ್?”

ವರ್ಷವಿಡೀ ಅವನು ಬಾಗಿಲಲ್ಲಿ ಬಂದು ನಿಂತಾಗ, ಅವನ ತಾಯಿ ಹೇಗಿದ್ದಾಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ.