ತಿರುವಿನಲ್ಲಿ ನಿಂತವನು

ಕಳೆದ ವಾರ ದಿನಪತ್ರಿಕೆಯ ಜಿಲ್ಲಾ ಪುಟದ ಒಂದು ಮೂಲೆಯಲ್ಲಿ ಎರಡೇ ಸಾಲಿನ ಸುದ್ದಿಯಿತ್ತು. ಪದವಿಪೂರ್ವ ಕಾಲೇಜುಗಳ ಗುಡ್ಡಗಾಡು ಓಟದ ಸ್ಪರ್ಧೆ ನಡೆಯಲಿದೆ, ಆಸಕ್ತರು ಬೆಳಗ್ಗೆ ಎಂಟು ಗಂಟೆಗೆ ಹಾಜರಿರಬೇಕು ಎಂಬ ಪ್ರಕಟಣೆ. ಬೇರೆಯವರು ಕಣ್ಣು ಹಾಯಿಸಿ ಮುಂದೆ ಹೋಗುವಂಥ ಸುದ್ದಿ. ನಾನು ಮಾತ್ರ ಪತ್ರಿಕೆಯನ್ನು ಮಡಚಿಟ್ಟು ಬಹಳ ಹೊತ್ತು ಜಗಲಿಯಲ್ಲಿ ಕುಳಿತೆ. ಈ ಓಟದ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡು ಕೈಬಿಟ್ಟಿದ್ದೇನೆ. ಇಂದು ಬರೆದುಬಿಡುತ್ತೇನೆ.

ಇಂಗ್ಲಿಷಿನಲ್ಲಿ ಇದಕ್ಕೆ 'ಕ್ರಾಸ್ ಕಂಟ್ರಿ' ಎಂದು ಹೆಸರು. ಊರನ್ನು ಅಡ್ಡ ಹಾಯ್ದು ಓಡುವುದು ಎಂಬಷ್ಟೇ ಅದರ ಅರ್ಥ. ಗುಡ್ಡದ ಸುಳಿವೇ ಅದರಲ್ಲಿಲ್ಲ. 'ಗುಡ್ಡಗಾಡು ಓಟ' ಎಂದು ಕನ್ನಡಕ್ಕೆ ತಂದವರು ಯಾರೋ ನಮ್ಮ ಕಡೆಯವರೇ ಇರಬೇಕೆಂದು ನನ್ನ ಊಹೆ. ಪುತ್ತೂರು, ಸುಳ್ಯ, ಕಡಬದ ನೆಲದಲ್ಲಿ ನೂರು ಮಾರು ಸಮತಟ್ಟು ಜಾಗ ಸಿಕ್ಕಿತೆಂದರೆ ಅದು ಒಂದೋ ಗದ್ದೆ, ಇಲ್ಲವೇ ಯಾರೋ ಬೆವರು ಸುರಿಸಿ ತಟ್ಟು ಮಾಡಿದ ಶಾಲೆಯ ಮೈದಾನ. ಉಳಿದುದೆಲ್ಲ ಏರು, ಇಳಿತ, ತೋಡು, ಮತ್ತೆ ಏರು.

ನಾನು ಮೊದಲು ಓಡಿದ್ದು 1971ರಲ್ಲಿ, ಪುತ್ತೂರಿನಲ್ಲಿ ಪದವಿ ಓದುತ್ತಿದ್ದಾಗ. ಆಗ ನಮ್ಮ ಜಿಲ್ಲೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ಮಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1980ರಲ್ಲಿ. ಕಾಲೇಜಿನೊಳಗಿನ ಓಟಕ್ಕೆ ಹೆಸರು ಕೊಟ್ಟವರು ನಲವತ್ತರಷ್ಟು ಹುಡುಗರು. ಕಾಲಿಗೆ ಬೂಟು ಇದ್ದವರು ಇಬ್ಬರೋ ಮೂವರೋ, ಅವರೂ ಎನ್.ಸಿ.ಸಿ.ಯವರು. ನಾನು ಬರಿಗಾಲಲ್ಲಿ, ಅಣ್ಣನ ಹಳೆಯ ಖಾಕಿ ಚಡ್ಡಿಯಲ್ಲಿ ಓಡಿದವನು. ಬೆಳಗ್ಗೆ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ ಹೊಟ್ಟೆತುಂಬ ಉಂಡು ಬಂದಿದ್ದೆ. ಓಡುವ ಮೊದಲು ಉಣ್ಣಬಾರದೆಂದು ತಿಳಿದದ್ದು ಬೀರಮಲೆ ಗುಡ್ಡೆಯ ಅರ್ಧ ಏರಿನಲ್ಲಿ.

ಮುರಕಲ್ಲಿನ ಮೇಲೆ ಬರಿಗಾಲಲ್ಲಿ ಓಡುವುದನ್ನು ಮೈದಾನದ ಓಟಗಾರರಿಗೆ ವಿವರಿಸುವುದು ಕಷ್ಟ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಪಾದೆಗಳ ಮೇಲೆ ಪಾಚಿ ಒಣಗಿ ಕಪ್ಪಗಿನ ಸಿಪ್ಪೆಯಾಗಿರುತ್ತದೆ. ಇಬ್ಬನಿ ಬಿದ್ದರೆ ಜಾರುತ್ತದೆ, ಬಿಸಿಲು ಬಿದ್ದರೆ ಕೊರೆಯುತ್ತದೆ. ನಡುವೆ ಮುಳಿಹುಲ್ಲು, ಅದರ ಮರೆಯಲ್ಲಿ ಗುಂಡಿಗಳು. ಗುಡ್ಡೆಯ ಬೆನ್ನಿನಿಂದ ಕೆಳಗಿನ ಪೇಟೆಯ ಹೆಂಚಿನ ಮಾಡುಗಳು ಕಾಣುತ್ತಿದ್ದವು. ನೋಡುವ ಮನಸ್ಸು ಯಾರಿಗಿತ್ತು? ಇಳಿಯುವಾಗ ಒಂದು ತೋಟದ ತಡಮೆ ದಾಟಬೇಕಿತ್ತು. ಹಾರಿ ದಾಟುವ ಶೌರ್ಯ ತೋರಿಸಹೋಗಿ ಮೊಣಕಾಲು ಒಡೆದುಕೊಂಡೆ. ಇಪ್ಪತ್ತಮೂರನೆಯವನಾಗಿ ಗುರಿ ಮುಟ್ಟಿದೆ. ಆ ಗಾಯದ ಕಲೆ ಇನ್ನೂ ಇದೆ. ಮೊಮ್ಮಕ್ಕಳಿಗೆ ಅದನ್ನು ಪದಕದ ಬದಲಿಗೆ ತೋರಿಸುವುದುಂಟು.

ಆ ಓಟದಲ್ಲಿ ನನ್ನ ನೆನಪಿನಲ್ಲಿ ಉಳಿದವರು ಗೆದ್ದವರಲ್ಲ. ಗುಡ್ಡೆಯ ಆಚೆ ಬದಿಯ ಒಂದು ಕವಲಿನಲ್ಲಿ ಕಾಲೇಜಿನ ವೃದ್ಧ ಅಟೆಂಡರರೊಬ್ಬರನ್ನು ನಿಲ್ಲಿಸಿದ್ದರು. ತಲೆಗೆ ಮುಟ್ಟಾಳೆ, ಕೈಯಲ್ಲಿ ಮಡಚಿದ ಕೊಡೆ. ಕೊಡೆಯ ತುದಿಯಿಂದ ದಾರಿ ತೋರಿಸುತ್ತ ಪ್ರತಿಯೊಬ್ಬನಿಗೂ "ಬಲಿಪು, ಬಲಿಪು" ಎಂದು ತುಳುವಿನಲ್ಲಿ ಕೂಗುತ್ತಿದ್ದರು. ಮೊದಲನೆಯವನಿಗೂ ಅದೇ ದನಿ, ಕಡೆಯವನಿಗೂ ಅದೇ ದನಿಯಂತೆ. ಕಡೆಯವನು ನನ್ನ ಸಹಪಾಠಿಯೇ ಆದ್ದರಿಂದ ಇದು ಖಾತ್ರಿಯಾದ ಸಂಗತಿ.

ಈ ಓಟಕ್ಕೆ ಒಲಿಂಪಿಕ್ಸಿನಲ್ಲಿಯೂ ಸ್ಥಾನವಿತ್ತೆಂಬುದು ಬಹಳ ಮಂದಿಗೆ ಗೊತ್ತಿಲ್ಲ. 1912, 1920 ಮತ್ತು 1924ರ ಕೂಟಗಳಲ್ಲಿ ಅದು ನಡೆದಿತ್ತು. 1924ರಲ್ಲಿ ಪ್ಯಾರಿಸಿನ ಸುಡುಬಿಸಿಲಿನಲ್ಲಿ 38 ಮಂದಿ ಹೊರಟು 15 ಮಂದಿ ಮಾತ್ರ ಗುರಿ ಮುಟ್ಟಿದರು. ಗೆದ್ದವನು ಫಿನ್ಲೆಂಡಿನ ಪಾವೋ ನೂರ್ಮಿ. ಉಳಿದವರು ದಾರಿಯುದ್ದಕ್ಕೂ ಬಿದ್ದ ಬಗೆಯನ್ನು ಕಂಡು ಒಲಿಂಪಿಕ್ಸಿನಿಂದ ಈ ಓಟವನ್ನೇ ತೆಗೆದುಹಾಕಿದರು. 1973ರಿಂದ ಇದಕ್ಕೆ ಪ್ರತ್ಯೇಕ ವಿಶ್ವ ಸ್ಪರ್ಧೆಗಳು ನಡೆಯುತ್ತಿವೆ. ತರಗತಿಯಲ್ಲಿ ಇದನ್ನೆಲ್ಲ ಹೇಳಿ ಮಕ್ಕಳ ಮುಂದೆ ಜಾಣನಾಗುತ್ತಿದ್ದೆ. ಈಗ ಬರೆಯಹೊರಟಿರುವುದು ಜಾಣತನದ ವಿಷಯವಲ್ಲ.

1994ರಲ್ಲಿ ನಾನು ಸುಳ್ಯ ತಾಲೂಕಿನ ಒಂದು ಸರಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲಾ ವಿಭಾಗದಲ್ಲಿ ಅಧ್ಯಾಪಕನಾಗಿದ್ದೆ. ತಾಲೂಕು ಮಟ್ಟದ ಗುಡ್ಡಗಾಡು ಓಟ ನಮ್ಮಲ್ಲಿಗೆ ಬಂತು. ಸುಬ್ರಹ್ಮಣ್ಯ ಆಗ ಸುಳ್ಯ ತಾಲೂಕಿನಲ್ಲಿತ್ತು, ಕಡಬ ಪುತ್ತೂರು ತಾಲೂಕಿನಲ್ಲಿತ್ತು; ಕಡಬವೇ ಒಂದು ತಾಲೂಕಾಗಿ ಸುಬ್ರಹ್ಮಣ್ಯ ಅದಕ್ಕೆ ಸೇರಿದ್ದು ಇತ್ತೀಚಿನ ಮಾತು. ಉಡುಪಿಯೂ ನಮ್ಮಿಂದ ಬೇರೆಯಾಗಿರಲಿಲ್ಲವಾದ್ದರಿಂದ ಜಿಲ್ಲಾ ಮಟ್ಟವೆಂದರೆ ಕುಂದಾಪುರ, ಕಾರ್ಕಳದ ಓಟಗಾರರೂ ಬರುವ ದೊಡ್ಡ ಕೂಟ. ತಾಲೂಕಿನಲ್ಲಿ ಮೊದಲ ಆರು ಸ್ಥಾನ ಪಡೆದವರು ಅಲ್ಲಿಗೆ ಹೋಗಬೇಕು.

ಹುಡುಗಿಯರ ಓಟ ನಾಲ್ಕು ಕಿಲೋಮೀಟರು. ದಾರಿ ಗುರುತು ಮಾಡುವ ಕೆಲಸ ನನಗೂ ಇನ್ನಿಬ್ಬರಿಗೂ ಬಂತು. ಸುಣ್ಣದ ಪುಡಿ ಮಳೆಗೆ ನಿಲ್ಲುವುದಿಲ್ಲವೆಂದು ಅಡಕೆಯ ಹಾಳೆಗಳ ಮೇಲೆ ಕೆಂಪು ಬಣ್ಣದಿಂದ ಬಾಣ ಬರೆದು ಮರಗಳಿಗೆ ಕಟ್ಟಿದೆವು. ಇದು ನನ್ನದೇ ಉಪಾಯ; ಎಲ್ಲರೂ ಹೊಗಳಿದರು. ಕವಲುಗಳಲ್ಲಿ ಒಬ್ಬೊಬ್ಬ ಅಧ್ಯಾಪಕರು ನಿಂತು ಹಾದುಹೋಗುವವರ ಕೈಗೆ ಒಂದೊಂದು ರಬ್ಬರ್ ಬ್ಯಾಂಡ್ ಕೊಡಬೇಕು. ಅಡ್ಡದಾರಿ ಹಿಡಿದವರನ್ನು ಪತ್ತೆ ಹಚ್ಚಲು ಅದೇ ಸಾಕ್ಷಿ. ಅರ್ಧ ದಾರಿಯ ಕವಲು ನನ್ನ ಪಾಲಿಗೆ ಬಂತು. ಬಲಕ್ಕೆ ತಿರುಗಿದರೆ ಗೇರುಗುಡ್ಡೆಯ ಏರು. ನೇರ ಹೋದರೆ ಅಡಕೆ ತೋಟಕ್ಕೆ ಇಳಿಯುವ ಓಣಿ, ಅದರಾಚೆ ತೋಡು.

ಆ ಓಟದಲ್ಲಿ ಗೆಲ್ಲುವವಳು ಯಾರೆಂದು ನಮಗೆಲ್ಲ ಗೊತ್ತಿತ್ತು. ಅವಳು ಪ್ರೌಢಶಾಲೆಯಲ್ಲಿ ಮೂರು ವರ್ಷ ನನ್ನ ವಿದ್ಯಾರ್ಥಿನಿ, ಆಗ ಪ್ರಥಮ ಪಿಯುಸಿ. ಹೆಸರು ಬರೆಯುವುದಿಲ್ಲ. ತಂದೆತಾಯಿ ಸಿಂಹಳದಿಂದ ಬಂದವರು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಭಂಡಾರನಾಯಕೆಯವರೂ ಸಹಿ ಹಾಕಿದ ಒಪ್ಪಂದದಂತೆ 5,25,000 ತಮಿಳರನ್ನು ಭಾರತಕ್ಕೆ ಕರೆಸಿಕೊಳ್ಳಬೇಕೆಂದು ತೀರ್ಮಾನವಾಯಿತಷ್ಟೆ. ಹಾಗೆ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರಲ್ಲಿ ಅನೇಕ ಕುಟುಂಬಗಳು ಸುಳ್ಯ, ಪುತ್ತೂರು ತಾಲೂಕುಗಳ ಗುಡ್ಡಗಳಿಗೆ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದವು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು. ಈ ಮಕ್ಕಳು ಮೂರನ್ನೂ ನಮ್ಮ ಮಕ್ಕಳಿಗಿಂತ ಚೆನ್ನಾಗಿ ಮಾತಾಡುತ್ತಿದ್ದರು.

ಒಬ್ಬ ಟ್ಯಾಪರನಿಗೆ ದಿನಕ್ಕೆ ಮುನ್ನೂರರ ಆಸುಪಾಸು ಮರ. ಬೆಳಕು ಹರಿಯುವ ಮೊದಲೇ ಮರದಿಂದ ಮರಕ್ಕೆ ಹೋಗಿ ತೊಗಟೆ ಕೆತ್ತಬೇಕು. ಆಮೇಲೆ ಅದೇ ದಾರಿಯಲ್ಲಿ ಮತ್ತೊಮ್ಮೆ ಸುತ್ತಿ ಚಿಪ್ಪುಗಳಿಂದ ಹಾಲನ್ನು ಬಕೆಟ್ಟಿಗೆ ಸುರಿದುಕೊಳ್ಳಬೇಕು. ಈ ಹುಡುಗಿ ತಾಯಿಯ ಜೊತೆ ಆ ಕೆಲಸ ಮಾಡಿ ಶಾಲೆಗೆ ಬರುತ್ತಿದ್ದಳು. ಅವಳ ಕಾಲುಗಳಿಗೆ ತರಬೇತಿ ಕೊಟ್ಟವರು ನಾವ್ಯಾರೂ ಅಲ್ಲ. ಜಿಲ್ಲೆಯಲ್ಲಿ ಸ್ಥಾನ ಬಂದರೆ ಮುಂದಿನ ಓದಿಗೆ ಕ್ರೀಡೆಯ ಆಧಾರದಲ್ಲಿ ಸೀಟು, ಹಾಸ್ಟೆಲ್ ಸಿಕ್ಕೀತೆಂದು ನಮ್ಮ ದೈಹಿಕ ಶಿಕ್ಷಕರು ಅವಳ ತಂದೆಯನ್ನು ಒಪ್ಪಿಸಿದ್ದರು.

ಬೆಳಗ್ಗೆಯಿಂದ ಜಿರಿಜಿರಿ ಮಳೆ. ಒಂಬತ್ತೂವರೆಗೆ ಓಟ. ಒಂಬತ್ತೂಕಾಲಿಗೆ ಮಳೆ ಬಿರುಸಾಯಿತು. ಕವಲಿನ ಪಕ್ಕದ ಮನೆಯವರು ನನ್ನ ಪರಿಚಯಸ್ಥರು. ಜಗಲಿಯಿಂದಲೇ "ಮಾಷ್ಟ್ರೇ, ಬನ್ನಿ ಒಳಗೆ, ಮಳೆ ಬಿಡುವವರೆಗೆ ಒಂದು ಲೋಟ ಚಾ ಕುಡೀರಿ" ಎಂದರು. ನಮ್ಮ ಕೂಟಗಳು ಎಂದೂ ಹೇಳಿದ ಹೊತ್ತಿಗೆ ಶುರುವಾದದ್ದಿಲ್ಲ. ಉದ್ಘಾಟಕರು ಬರಬೇಕು, ಸ್ವಾಗತವಾಗಬೇಕು, ಶಾಸಕರ ಸಂದೇಶ ಓದಬೇಕು. ಇನ್ನೂ ಮುಕ್ಕಾಲು ಗಂಟೆ ಇದೆಯೆಂದು ಲೆಕ್ಕ ಹಾಕಿ ಹೋದೆ. ಚಾ ಬಂತು, ಹುರಿದ ಹಲಸಿನ ಹಪ್ಪಳ ಬಂತು, ಆಮೇಲೆ ವೀಳ್ಯದ ಹರಿವಾಣ ಬಂತು. ಅಡಕೆಯ ಧಾರಣೆಯ ಮಾತು ಶುರುವಾದರೆ ನಮ್ಮ ಕಡೆ ಯಾರೂ ಗಡಿಯಾರ ನೋಡುವುದಿಲ್ಲ. ಅಂದು ಮಳೆಯ ದೆಸೆಯಿಂದ ಉದ್ಘಾಟಕರು ಬರಲೇ ಇಲ್ಲವಂತೆ. ಹಾಗಾಗಿ ಓಟವನ್ನು ಸರಿಯಾದ ಸಮಯಕ್ಕೆ ಬಿಟ್ಟಿದ್ದರು.

ಜನ ಬರುವ ಸದ್ದು ಕೇಳಿ ನಾನು ಓಡಿ ಕವಲಿಗೆ ಬಂದೆ. ಇಬ್ಬರು ಹುಡುಗಿಯರು ದಾರಿ ತೋಚದೆ ನಿಲ್ಲುವುದರಲ್ಲಿದ್ದರು. ಮರದ ಹಾಳೆ ನೆನೆದು ಮೆತ್ತಗಾಗಿ, ಬಾಣದ ಬಣ್ಣವೆಲ್ಲ ಇಳಿದುಹೋಗಿತ್ತು. ನಾನು ಬಲಕ್ಕೆ ಕೈ ತೋರಿಸಿ ಬ್ಯಾಂಡ್ ಕೊಟ್ಟೆ. ಇವರೇ ಮುಂದಿನವರೆಂದು ತಿಳಿದು, ನಮ್ಮ ಹುಡುಗಿ ಎಲ್ಲಿ ಹಿಂದೆ ಉಳಿದಳೆಂದು ಆಶ್ಚರ್ಯಪಟ್ಟೆ. ಮೂರನೆಯವಳು, ನಾಲ್ಕನೆಯವಳು ಹೋದರು. ಒಂಬತ್ತು ಮಂದಿ ಹೋದ ಮೇಲೆ ಕೆಳಗಿನ ಓಣಿಯಿಂದ, ತೋಟದ ಕಡೆಯಿಂದ, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಅವಳು ಏರಿ ಬಂದಳು.

ಅಂಥ ಓಟದಲ್ಲಿ ಹಿಂದಿನವರಿಗೆ ಮುಂದಿನವರ ಬೆನ್ನು ಕಾಣುತ್ತದೆ. ಎಲ್ಲರಿಗಿಂತ ಮುಂದಿರುವವಳಿಗೆ ಕವಲಿನಲ್ಲಿ ನಿಂತ ಮನುಷ್ಯನನ್ನು ಬಿಟ್ಟರೆ ಬೇರೆ ಗುರುತಿಲ್ಲ. ಅವಳು ಬಂದಾಗ ಅಲ್ಲಿ ಮನುಷ್ಯನಿರಲಿಲ್ಲ. ಓಣಿ ಅಗಲವಾಗಿ ಕಂಡಿತು, ಇಳಿದಳು. ತೋಡಿನ ಸಂಕದವರೆಗೆ ಹೋಗಿ, ಮುಂದೆ ದಾರಿಯಿಲ್ಲವೆಂದು ಕಂಡು ಹಿಂದಿರುಗಿದಳು. ಇದನ್ನೆಲ್ಲ ನಾನು ಅವಳ ಕಾಲಿನ ಕೆಸರಿನಿಂದಲೇ ಓದಿಕೊಂಡೆ. ಅವಳು ಕೈ ಚಾಚಿದಳು. ನಾನು ಬ್ಯಾಂಡ್ ಇಟ್ಟು ಬಲಕ್ಕೆ ತೋರಿಸಿದೆ. ಒಂದು ಕ್ಷಣ ನನ್ನ ಮುಖ ನೋಡಿದಳು. ಹೋದಳು.

ಉಳಿದ ಎರಡು ಕಿಲೋಮೀಟರಿನಲ್ಲಿ ಅವಳು ಮೂವರನ್ನು ಹಿಂದೆ ಹಾಕಿದಳು. ಬಂದದ್ದು ಏಳನೆಯವಳಾಗಿ, ಆರನೆಯವಳಿಗಿಂತ ನಾಲ್ಕು ಹೆಜ್ಜೆ ಹಿಂದೆ.

ನಮ್ಮ ದೈಹಿಕ ಶಿಕ್ಷಕರು ಬಿಡಲಿಲ್ಲ. ಎಲ್ಲೋ ದಾರಿ ತಪ್ಪಿದೆ, ಯಾವ ಕವಲಿನಲ್ಲಿ ಯಾರು ನಿಂತಿದ್ದರೆಂದು ವಿಚಾರಿಸಬೇಕು ಎಂದು ಸಂಘಟಕರ ಮೇಜಿನ ಮುಂದೆ ಹಟ ಹಿಡಿದರು. ನನ್ನನ್ನು ಕರೆದರು. "ಮಾಷ್ಟ್ರೇ, ನೀವು ನಿಮ್ಮ ಜಾಗದಲ್ಲಿ ಇದ್ದಿರಲ್ಲವೇ?" ಎಂದು ಹಿರಿಯರೊಬ್ಬರು ಕೇಳಿದರು. ಕೇಳಿದ ರೀತಿಯಲ್ಲೇ ಉತ್ತರವೂ ಇತ್ತು. ಅವಳು ಹತ್ತು ಮಾರು ದೂರದಲ್ಲಿ, ತಾಯಿಯ ಸೆರಗಿನಲ್ಲಿ ತಲೆ ಒರೆಸಿಕೊಳ್ಳುತ್ತ ನಿಂತಿದ್ದಳು.

"ಇದ್ದೆ" ಎಂದೆ.

ಅವಳು ನನ್ನ ಕಡೆ ತಿರುಗಿ ನೋಡಿದಳೋ ಇಲ್ಲವೋ ಹೇಳಲಾರೆ. ನಾನು ಆ ಕಡೆ ನೋಡಲಿಲ್ಲ. ಹುಡುಗಿಯದೇ ಅಜಾಗ್ರತೆಯೆಂದು ತೀರ್ಮಾನವಾಯಿತು. ಆರು ಹೆಸರುಗಳ ಪಟ್ಟಿಯನ್ನು, ಅಕ್ಷರ ಚೆನ್ನಾಗಿದೆಯೆಂದು, ನನ್ನ ಕೈಯಲ್ಲೇ ಬರೆಸಿದರು.

ಮರುವರ್ಷ ಅವಳು ಓಡಲಿಲ್ಲ. ದ್ವಿತೀಯ ಪಿಯುಸಿಯ ನಡುವೆ ಕಾಲೇಜು ಬಿಟ್ಟಳು; ಮದುವೆಯಾಯಿತೆಂದು ಕೇಳಿದೆ. ಒಂದು ಓಟಕ್ಕೂ ಒಬ್ಬಳ ಬದುಕಿಗೂ ಹಾಗೆ ನೇರ ಗಂಟು ಹಾಕಬಾರದು, ಜಿಲ್ಲೆಯಲ್ಲಿ ಅವಳು ಸೋಲುವ ಸಂಭವವೂ ಇತ್ತು, ಬಡತನಕ್ಕೆ ಬೇರೆ ನೂರು ಕಾರಣಗಳಿದ್ದವು ಎಂದು ನನಗೆ ನಾನೇ ಎಷ್ಟೋ ಸಲ ಪಾಠ ಹೇಳಿಕೊಂಡಿದ್ದೇನೆ. ವಿದ್ಯಾರ್ಥಿ ದಡ್ಡನಾಗಿದ್ದರೆ ಪಾಠ ತಲೆಗೆ ಹೋಗುವುದಿಲ್ಲ.

ನಿವೃತ್ತನಾದ ಮರುವರ್ಷ, 2013ರಲ್ಲಿ, ಸುಳ್ಯ ಬಸ್‌ನಿಲ್ದಾಣದಲ್ಲಿ ಒಬ್ಬ ಹೆಂಗಸು "ನಮಸ್ಕಾರ ಸರ್" ಎಂದರು. ಕಾಲ ಬಳಿ ಅಕ್ಕಿಯ ಚೀಲ. ಗುರುತು ಹಿಡಿಯಲು ನನಗೆ ಕಷ್ಟವಾಗಲಿಲ್ಲ. ಅದೇ ನಿಗಮದ ತೋಟದಲ್ಲಿ ಟ್ಯಾಪಿಂಗ್ ಮಾಡುತ್ತಿದ್ದೇನೆಂದಳು. "ಈಗಲೂ ಮುನ್ನೂರು ಮರ ಸರ್, ಓಡಿಕೊಂಡೇ ಮುಗಿಸುವುದು" ಎಂದು ನಕ್ಕಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹತ್ತೊಂಬತ್ತು ವರ್ಷ ಬಾಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. ಆ ದಿನ ನಾನು ಕವಲಿನಲ್ಲಿ ಇರಲಿಲ್ಲ ಮಗಾ, ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಅವಳು ಚೀಲದ ಬಾಯಿಯ ದಾರವನ್ನು ಬಿಗಿ ಮಾಡುತ್ತಿದ್ದಳು.

"ಗೊತ್ತಿತ್ತು ಸರ್" ಎಂದಳು. "ಅಷ್ಟು ಮಳೆಯಲ್ಲಿ ನಿಮ್ಮ ಅಂಗಿ ಒಣಗಿತ್ತು. ಬಾಯಿ ಕೆಂಪಾಗಿತ್ತು."

ಕೋಪದಿಂದ ಹೇಳಿದ್ದಲ್ಲ. ಹಾಜರಿ ಪುಸ್ತಕ ಓದಿದಂತೆ ಹೇಳಿದಳು. ಮತ್ತೆ ನನ್ನ ಮೊಣಕಾಲಿನ ನೋವಿನ ಬಗ್ಗೆ, ಪಿಂಚಣಿ ಸರಿಯಾಗಿ ಬರುತ್ತಿದೆಯೇ ಎಂಬ ಬಗ್ಗೆ ವಿಚಾರಿಸಿದಳು. ಮಗಳು ಒಂಬತ್ತನೆಯಲ್ಲಿ ಓದುತ್ತಿದ್ದಾಳಂತೆ. ಓಡುತ್ತಾಳೆಯೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಬಸ್ಸು ಬಂತು. ಚೀಲ ಎತ್ತಿಕೊಡಲು ಬಾಗಿದೆ. "ಬೇಡ ಸರ್, ನಿಮಗೆ ಆಗಲಿಕ್ಕಿಲ್ಲ" ಎಂದು ತಾನೇ ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿದಳು.