ಉಸಿರಿನ ಅಳತೆ

ಗ್ಯಾರೇಜ್ ಪಂಕ್ ಎಂದರೆ ಗಿಟಾರಿನ ಸಂಗೀತ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದಕ್ಕೆ ನನ್ನ ಬಳಿಯಿರುವ ಸಾಕ್ಷಿ ಅಮೆರಿಕದ ಟಕೋಮಾ ಊರಿನ ದಿ ಸೋನಿಕ್ಸ್ ತಂಡ 1965ರಲ್ಲಿ ತಂದ ‘ಹಿಯರ್ ಆರ್ ದಿ ಸೋನಿಕ್ಸ್’. ಹನ್ನೆರಡು ಹಾಡುಗಳು, ಒಟ್ಟು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಗೆರಿ ರೋಸ್ಲಿಯ ಕಿರುಚು ದನಿ, ಲ್ಯಾರಿ ಪ್ಯಾರಿಪಾನ ಒಡಕು ಗಿಟಾರು ಎಲ್ಲರ ಕಿವಿಗೂ ಬೀಳುತ್ತವೆ. ಆದರೆ ಈ ಹಾಡುಗಳಿಗೆ ಕುಣಿಸುವ ಕಸುವು ಬಂದದ್ದು ರಾಬ್ ಲಿಂಡ್ ಊದಿದ ಸ್ಯಾಕ್ಸೊಫೋನಿನಿಂದ. ಕದ್ರಿ ಗೋಪಾಲನಾಥರ ಗಮಕಗಳಿಗೆ ಒಗ್ಗಿದ ನಮ್ಮ ಕಿವಿ ಇಲ್ಲಿ ರಾಗದ ವಿಸ್ತಾರ ಹುಡುಕಿದರೆ ಬರಿಗೈಲಿ ಮರಳಬೇಕು. ಈ ವಾದ್ಯ ಇಲ್ಲಿ ತಾಳದ ಕಡೆಯದು. ‘ಹ್ಯಾವ್ ಲವ್ ವಿಲ್ ಟ್ರಾವೆಲ್’ ಕೇಳಿ. ಒಂದೇ ಮೊಂಡು ವರಸೆ ಮರಳಿ ಮರಳಿ ಬರುತ್ತದೆ. ನಡುವೆ ಸ್ಯಾಕ್ಸೊಫೋನ್ ಒಂಟಿಯಾಗಿ ಮುಂದೆ ಬಂದಾಗಲೂ ಅಲಂಕಾರಕ್ಕೆ ಹೋಗದೆ, ಗಂಟಲು ಕೆರೆದಂಥ ಸ್ವರಗಳನ್ನು ತುಂಡುತುಂಡಾಗಿ ಎಸೆಯುತ್ತದೆ. ಗಿಟಾರಿನವನು ಬೆರಳು ಸೋಲುವವರೆಗೆ ನುಡಿಸಬಲ್ಲ, ಊದುವವನು ಉಸಿರಿಗಾಗಿ ನಿಲ್ಲಲೇಬೇಕು. ಆ ನಿಲುಗಡೆಯ ಸಂದಿಯಲ್ಲಿ ಬಾಬ್ ಬೆನೆಟ್‌ನ ಡ್ರಮ್ ನುಗ್ಗುತ್ತದೆ. ಕಾಲು ತಾನಾಗಿ ಕುಣಿಯುವುದು ಅಲ್ಲೇ.

ಸ್ಯಾಕ್ಸೊಫೋನ್ ಬರೀ ಹಳೆಯ ರೂಢಿ, ಬೀಟಲ್ಸ್ ಬಂದಮೇಲೂ ಉಳಿದುಕೊಂಡ ರಿದಮ್ ಅಂಡ್ ಬ್ಲೂಸ್ ಕಾಲದ ಪಳೆಯುಳಿಕೆ ಎನ್ನುವವರಿದ್ದಾರೆ. ರೂಢಿ ಎಂಬುದು ನಿಜವೇ. ಅದೇ ಟಕೋಮಾದ ದಿ ವೇಲರ್ಸ್ ಮೊದಲೇ ಆ ದಾರಿ ತುಳಿದಿದ್ದರು. ಆದರೆ ಪಿತ್ರಾರ್ಜಿತ ಹೊಲದಲ್ಲಿ ಹೊಸ ಬೆಳೆ ತೆಗೆದವನನ್ನು ಬರೀ ವಾರಸುದಾರ ಎಂದರೆ ಹೇಗೆ? ಇನ್ನೊಂದು ತಕರಾರು, ಹನ್ನೆರಡರಲ್ಲಿ ಎಂಟು ಹಾಡು ಬೇರೆಯವರವು ಎಂಬುದು. ಕುಣಿತದ ಹಾಲ್‌ಗಳಲ್ಲಿ ನುಡಿಸುವ ತಂಡಕ್ಕೆ ಜನ ಬಲ್ಲ ಹಾಡು ಬೇಕೇ ಬೇಕಿತ್ತು. ತಂಡದ ಸ್ವಂತಿಕೆ ಇರುವುದು ಆ ಹಾಡುಗಳ ಮೇಲೆ ಹೇರಿದ ಒತ್ತಡದಲ್ಲಿ. ಸ್ವಂತದ್ದೇ ಆದ ‘ಸೈಕೊ’ ಮತ್ತು ‘ಸ್ಟ್ರಿಕ್ನೈನ್’ ಪಕ್ಕದಲ್ಲಿ ಅವನ್ನಿಟ್ಟು ಕೇಳಿದರೆ ಒಂದೇ ಕೈಯ ಕೆಲಸವೆಂದು ತಿಳಿಯುತ್ತದೆ. ಧ್ವನಿಮುದ್ರಣ ಒರಟು ಎಂಬ ದೂರಂತೂ ನನಗೆ ಹೊಗಳಿಕೆಯಾಗಿಯೇ ಕೇಳುತ್ತದೆ.

ಸ್ಟೂಜಸ್ ತಂಡದ ‘ಫನ್ ಹೌಸ್’ (1970) ಇದಕ್ಕಿಂತ ದೊಡ್ಡ ಕೃತಿ ಎಂದು ವಾದಿಸಬಹುದು. ಅದರ ಎರಡನೇ ಮಗ್ಗುಲಲ್ಲಿ ಸ್ಟೀವ್ ಮೆಕೇಯ ಸ್ಯಾಕ್ಸೊಫೋನ್ ಕಟ್ಟು ಕಳಚಿ ಫ್ರೀ ಜಾಝ್ ಕಡೆಗೆ ಹರಿಯುತ್ತದೆ, ಹಾಡುಗಳೂ ಉದ್ದವಾಗುತ್ತವೆ. ಅದರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಅಲ್ಲಿ ಸ್ಯಾಕ್ಸೊಫೋನ್ ಹಾಡನ್ನು ಹಿಗ್ಗಿಸುತ್ತದೆ. ಸೋನಿಕ್ಸ್‌ನಲ್ಲಿ ಹಾಡು ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುತ್ತದೆ, ಮತ್ತೆ ಹಾಕಿ ಕೇಳಬೇಕೆನ್ನಿಸುವಷ್ಟು ಬೇಗ.