ಪಂಚಮಿ ಜೋಕಾಲಿ, ನಮ್ಮಣ್ಣನ ಡಗ್ಗಾ

ನಮ್ಮ ಶಹಾಪುರ, ಸುರಪುರ ಕಡಿ ಹೆಣ್ಮಕ್ಕಳಿಗೆ ಪಂಚಮಿ ಜೋಕಾಲಿ ಹ್ಯಾಂಗಿರ್ತದಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೇವಿನ ಗಿಡಕ್ಕ ಹಗ್ಗ ಕಟ್ಟಿ, ಜೀಕಿಕೋತ ಹಾಡ್ತೀವಿ. ಕೆಳಗ ನಿಂತಾಕಿಗೆ ಆ ಹಾಡು ಒಮ್ಮೆ ಕಿವಿ ಹತ್ರ ಬರ್ತದ, ಒಮ್ಮೆ ದೂರ ಹೋಗ್ತದ. ಹಾಡಾಕಿ ದನಿ ಏರಿಸಿಲ್ಲ, ಇಳಿಸಿಲ್ಲ. ಜೋಕಾಲಿಯಂತೂ ಹಾಡೂದೇ ಇಲ್ಲ. ಆದ್ರೂ ಆ ಏರಿಳಿತ ಅದರದ್ದೇ. ಇಷ್ಟು ತಿಳೀತಂದ್ರ, ಡ್ರಮ್ ಸಿಂಥಸೈಜರಿನಾಗ ಎಲ್‌ಎಫ್‌ಓ ಅಂತಾರಲ್ಲ, ಅದು ಅರ್ಧ ತಿಳದಂಗೇ.

ಇದನ್ನ ನಾ ಯಾಕ ಕಲಿತೆ ಅಂತ ಕೇಳ್ತೀರಿ. ನಮ್ಮಣ್ಣನ ಸಲುವಾಗಿರಿ. ಅಂವ 30 ವರ್ಷ ಭಜನಿ ಮ್ಯಾಳದಾಗ ತಬಲಾ ನುಡಿಸಿದಾಂವ. ತಿಂಥಣಿ ಮೌನೇಶ್ವರನ ಜಾತ್ರ್ಯಾಗ ರಾತ್ರಿಪೂರ್ತಿ ಕುಂತು ಬಾರಿಸ್ತಿದ್ದ. ಹೋದ ವರ್ಷ ಲಕ್ವಾ ಹೊಡದು ಎಡಗೈ ಬಿತ್ತು. ಬಲಗೈ ಛಲೋ ಅದ. ಆದ್ರ ಡಗ್ಗಾ ಎಡಗೈದಲ್ಲೇನ್ರಿ? ಡಗ್ಗಾ ಮ್ಯಾಲ ಮಣಿಕಟ್ಟು ಒತ್ತಿ ಜಾರಿಸಿದ್ರ ‘ಗುಂವ್’ ಅಂತ ದನಿ ಏರ್ತದಲ್ಲ, ಅದಕ್ಕೇ ಅಣ್ಣಗ ಹೆಸರಿತ್ತು. ಈಗ ಭಜನಿ ಸಪ್ಪಳ ಕೇಳಿದ್ರ ಎದ್ದು ಒಳಗ ಹೋಗಿಬಿಡ್ತಿದ್ದ. ವೈನಿ ಸೆರಗಿಲೆ ಕಣ್ಣೊರಸ್ಕೋತಿದ್ಲು.

ಅಣ್ಣನ ಮಗ ಬೆಂಗಳೂರಾಗ ಕೆಲಸ ಮಾಡ್ತಾನ. ಅವನಿಗೆ ಈ ಕರೆಂಟಿನ ವಾದ್ಯದ ಹುಚ್ಚು. 1982ರಾಗೇ ಮುಂಬೈದ ಚರಣಜಿತ್ ಸಿಂಗ್ ಅನ್ನೋರು ಜಪಾನಿನ ರೋಲ್ಯಾಂಡ್ ಯಂತ್ರಗಳ ಮ್ಯಾಲ 10 ರಾಗ ನುಡಿಸಿ ರೆಕಾರ್ಡ್ ಮಾಡ್ಯಾರಂತ, ಅದನ್ನೇ ದಿನಾ ಕೇಳ್ತಾನ. ದೀಪಾವಳಿಗೆ ಬಂದಾಂವ ಡ್ರಮ್ ಸಿಂಥ್ ತಂದ. ನಾವು ಮದುವಿ ಆರ್ಕೆಸ್ಟ್ರಾದಾಗ ನೋಡೋ ಪ್ಯಾಡಿನಾಗ ಮೊದಲೇ ತುಂಬಿಟ್ಟ ಸಪ್ಪಳ ಇರ್ತಾವ. ಇದು ಹಂಗಲ್ಲ, ಬಡದಾಗೊಮ್ಮೆ ಸಪ್ಪಳನ ಕರೆಂಟಿಲೇ ಹುಟ್ಟಸ್ತದ. ಒಂದು ಪ್ಯಾಡಿಗೆ ತಬಲಾ, ಇನ್ನೊಂದಕ್ಕ ಡಗ್ಗಾ ಹೊಂದಿಸಿದ. ಎರಡೂ ಬಲಗೈಲೇ ಬಾರಿಸಬಹುದು. ‘ಗುಂವ್’ ಅನ್ನಸೋ ಕೆಲಸ ಎಲ್‌ಎಫ್‌ಓಕ್ಕ ಕೊಟ್ಟ.

“ಅತ್ತಿ, ನಮ್ಮ ಕಿವಿಗೆ ಸೆಕೆಂಡಿಗೆ 20 ಸಲಕ್ಕಿಂತ ಹೆಚ್ಚು ನಡುಗಿದ್ದು ಮಾತ್ರ ಸಪ್ಪಳ ಆಗಿ ಕೇಳ್ತದ. ಎಲ್‌ಎಫ್‌ಓ ಅದಕ್ಕಿಂತ ನಿಧಾನ ತೂಗ್ತದ. ಹಂಗಾಗಿ ಅದು ಕೇಳಸೂದಿಲ್ಲ, ಕೇಳಸೋ ಸಪ್ಪಳನ ಹಿಡದು ಅಲ್ಲಾಡಸ್ತದ,” ಅಂದ. ಅದಕ್ಕ ಮೂರು ಗುಂಡಿ. ಒಂದು, ಎಷ್ಟು ಜಲ್ದಿ ತೂಗಬೇಕು. ಎರಡು, ಎಷ್ಟು ದೂರ ತೂಗಬೇಕು. ಮೂರು, ಹ್ಯಾಂಗ ತೂಗಬೇಕು: ಜೋಕಾಲಿಗತೆ ಮೆತ್ತಗೋ, ಕರೆಂಟ್ ಹೋಗಿಬಂದಂಗ ಪಟ್ ಅಂತೋ, ಕೊಡ ಸಾವಕಾಶ ತುಂಬಿ ಒಮ್ಮೆಲೆ ಉಳ್ಳಿದಂಗೋ. ಆಮ್ಯಾಲ ಏನನ್ನ ತೂಗಬೇಕಂತ ಹೇಳಬೇಕು. ಸಪ್ಪಳದ ಜೋರು ತೂಗಿದ್ರ ಹತ್ರ-ದೂರ ಆದಂಗ ಕೇಳ್ತದ. ಸ್ವರ ತೂಗಿದ್ರ ಡಗ್ಗಾದಂಗ ಏರಿ ಇಳೀತದ.

ಅಣ್ಣ ಬಾರಿಸಿದ. ಒಂದು ಪೆಟ್ಟಿಗೆ ದನಿ ಮ್ಯಾಲ ಹೋತು, ಮುಂದಿನದಕ್ಕ ಕೆಳಗ ಇಳೀತು, ಮತ್ತೊಂದಕ್ಕ ಏನೂ ಆಗಲಿಲ್ಲ. “ಕುಡದಾಂವ ಬಾರಿಸಿದಂಗ ಅದ. ತಗೊಂಡು ಹೋಗು,” ಅಂತ ಸಿಟ್ಟಿಗೆದ್ದ.

ಯಾಕ ಹಂಗಾತು ಅಂದ್ರ ಮತ್ತ ಜೋಕಾಲಿನ್ನೇ ನೆನಸ್ರಿ. 13 ಅಡಿ ಹಗ್ಗದ ಜೋಕಾಲಿ ಒಮ್ಮೆ ಹೋಗಿ ಬರಬೇಕಂದ್ರ ಸುಮಾರು 4 ಸೆಕೆಂಡು ಬೇಕು. ಡಗ್ಗಾದ ಪೆಟ್ಟು ಅರ್ಧ ಸೆಕೆಂಡಿನಾಗ ಮುಗೀತದ. ಹಾಡಿಗಾದ್ರ ಪೂರ್ತಿ ತೂಗಾಟ ಕೇಳ್ತದ. ಪೆಟ್ಟಿಗೆ ಹಂಗಲ್ಲ, ಅದು ಬಿದ್ದ ಗಳಿಗ್ಯಾಗ ಜೋಕಾಲಿ ಎಲ್ಲಿರ್ತದೋ ಅಷ್ಟೇ ತುಣುಕು ಅದರ ಪಾಲಿಗೆ. ಜೋಕಾಲಿ ಯಾರನ್ನೂ ಕೇಳಲಾರದ ತನ್ನ ಪಾಡಿಗೆ ತಾ ತೂಗ್ತಿತ್ತು.

ಜೋರಾಗಿ ತೂಗಿಸಿದ್ರ? ಸೆಕೆಂಡಿಗೆ 10–12 ಸಲ ಇಟ್ರ ಒಂದೇ ಪೆಟ್ಟಿನಾಗ ದನಿ ಥಂಡಿ ಹತ್ತಿದಂಗ ಗಡಗಡ ನಡಗ್ತು. ಇನ್ನೂ ಏರಿಸಿ 20 ಭಾಳ ದಾಟಿಸಿದ್ರ ತೂಗಾಟ ಅಂತ ಗೊತ್ತೇ ಆಗಲಿಲ್ಲ, ತಾಟು ಬಡದಂಗ ಕೇಳ್ತು. ವೈನಿ ಅಡಗಿಮನ್ಯಾಗಿಂದ, “ಏನ್ ಬಿತ್ತು?” ಅಂತ ಓಡಿ ಬಂದ್ಲು.

ಆಮ್ಯಾಲ ಹುಡುಗ ಎರಡು ಬದಲಿ ಮಾಡಿದ. ಮೊದಲನೇದು, ಪೆಟ್ಟು ಬಿದ್ದಾಗೊಮ್ಮೆ ಜೋಕಾಲಿ ಮೊದಲಿನ ಜಾಗದಿಂದನೇ ಸುರು ಆಗಬೇಕು. ಒಮ್ಮೆ ಏರಿ ಇಳದು ನಿಂದರಬೇಕು, ಅದೂ ಅರ್ಧ ಸೆಕೆಂಡಿನ ಒಳಗ. ಈಗ ಪ್ರತಿ ಪೆಟ್ಟೂ ‘ಗುಂವ್’ ಅಂತು. ಅಣ್ಣ ನಾಕು ಆವರ್ತನ ಬಾರಿಸಿ ಕೈ ತಗದ. “ಗಿಳಿ ಒಂದೇ ಮಾತು ಆಡಿದಂಗ ಆತಲ್ಲೋ. ಪದ ಹಾಡಾಂವ ಎಲ್ಲಿ ದನಿ ಎಳೀತಾನೋ ಅಲ್ಲಿ ಒತ್ತಬೇಕು. ಎಲ್ಲಾ ಕಡಿ ಒತ್ತಿದ್ರ ಅದೆಂಥ ಡಗ್ಗಾ?”

ಅದಕ್ಕೇ ಎರಡನೇ ಬದಲಿ. ‘ಎಷ್ಟು ದೂರ’ ಅನ್ನೋ ಗುಂಡಿ ಕೆಲಸನ ಕಾಲಾಗಿನ ಪೆಡಲ್ಲಿಗೆ ಕೊಟ್ಟ. ಬಲಗಾಲು ಒತ್ತಿದಷ್ಟು ಸ್ವರ ಏರ್ತದ, ಕಾಲು ಬಿಟ್ರ ಪೆಟ್ಟು ಸಾದಾ ಬೀಳ್ತದ. ತೂಗೂದು ಯಂತ್ರದ ಕೈಯಾಗ, ಎಷ್ಟು ತೂಗಬೇಕನ್ನೋದು ಅಣ್ಣನ ಕಾಲಾಗ. ಅಂವ ಕುರ್ಚಿ ಮ್ಯಾಲ ಕುಂತು, ಕಣ್ಣು ಮುಚ್ಚಿ, ಹೊಲಿಗಿ ಮಶೀನ್ ಕಲಿಯೋ ಹುಡುಗಿಗತೆ ಕಾಲು ಹದ ಮಾಡ್ಕೋತ ಹತ್ತು-ಹದಿನೈದು ದಿನ ಕಳದ.

ಶಿವರಾತ್ರಿ ದಿನ ಮ್ಯಾಳದವರು ಮನಿಗೇ ಬಂದ್ರು. ಅಣ್ಣ ಎರಡು ಪದಕ್ಕ ಸಾಥ್ ಕೊಟ್ಟ. ಮೂರನೇದಕ್ಕ ಸೋತು ನಿಲ್ಲಿಸಿದ. ಒಂದೆರಡು ಕಡಿ ಕಾಲು ತಡಾ ಆತು, ಖರೇ. ಆದ್ರ ಹಾಡಾಂವ ದನಿ ಎಳದಾಗ ‘ಗುಂವ್’ ಅಂತ ಬಂತು ನೋಡ್ರಿ, ಹಾರ್ಮೋನಿಯಂ ಕಾಕಾ ತೆಲಿ ಎತ್ತಿ ಅಣ್ಣನ ಮಾರಿ ನೋಡಿದ.

“ಛಲೋ ಅದ ಏನಣ್ಣ?” ಅಂತ ಕೇಳಿದೆ. “ಇದು ಡಗ್ಗಾ ಅಲ್ಲ. ಒಳಗ ಹೋಗಿ ಕುಂದ್ರೋದಕಿಂತ ಅಡ್ಡಿಯಿಲ್ಲ,” ಅಂದ.

ಹಳೀ ಡಗ್ಗಾ ಯಾರರೆ ಕೇಳಿದ್ರ ಕೊಡಬೇಕೇನು ಅಂತ ವೈನಿ ಒಮ್ಮೆ ಅಂದಿದ್ಲು. ಅಣ್ಣ ಒಪ್ಪಲಿಲ್ಲ. ಈಗ ರಿಯಾಜಿಗೆ ಕುಂತಾಗ ಅದನ್ನ ಎಡಗಡಿ ಸ್ಟೂಲ್ ಮ್ಯಾಲ ಇಡಿಸ್ಕೋತಾನ. ಬಲಗೈ ಪ್ಯಾಡ್ ಮ್ಯಾಲ ಓಡ್ತದ. ಎಡಗೈನ ತಾನೇ ಬಲಗೈಲೇ ಎತ್ತಿ ಆ ಡಗ್ಗಾ ಮ್ಯಾಲ ಇಟ್ಟಿರ್ತಾನ.